ಒಂದು ಗಜ ಟೇಪು

ಅಣ್ಣ ತೀರಿಕೊಂಡು ಒಂಬತ್ತು ವರ್ಷವಾದರೂ ಅಟ್ಟದ ಮೇಲಿದ್ದ ಅವನ ಎರಡು ಟ್ರಂಕುಗಳನ್ನು ಯಾರೂ ತೆರೆದಿರಲಿಲ್ಲ. ದುಃಖದಿಂದ ತೆರೆಯಲಿಲ್ಲ ಎಂದರೆ ಸುಳ್ಳಾದೀತು. ಏಣಿ ಹತ್ತುವ ಸೋಮಾರಿತನ, ಅಷ್ಟೇ. 2023ರ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಲು ಬಂದವನು ಮೇಲಿನಿಂದಲೇ ಕೂಗಿದ: "ಮೇಷ್ಟ್ರೇ, ಈ ಪೆಟ್ಟಿಗೆ ಮೇಲೇ ಸೋರ್ತಾ ಇದೆ. ಕೆಳಗಿಳಿಸ್ಲಾ, ಇಲ್ಲಾ ಇದು ಬೇಡದ ಸಾಮಾನಾ?" ಬೇಕಾದ ಸಾಮಾನೋ ಬೇಡದ ಸಾಮಾನೋ ನನಗೂ ಗೊತ್ತಿರಲಿಲ್ಲ. ಇಳಿಸು ಎಂದೆ. ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಮುಂದಿನ ಒಂದೂವರೆ ವರ್ಷ ಕಳೆಯಿತು. ಈ ಬರಹ ಆ ಒಂದೂವರೆ ವರ್ಷಕ್ಕೆ ಸಂಬಂಧಿಸಿದ್ದು. ಅದರಲ್ಲೂ ಹೆಚ್ಚಾಗಿ ನಲವತ್ತು ಸೆಕೆಂಡುಗಳಿಗೆ ಸಂಬಂಧಿಸಿದ್ದು.

ಟ್ರಂಕಿನಲ್ಲಿದ್ದದ್ದು 143 ವಿಡಿಯೋ ಕ್ಯಾಸೆಟ್ಟುಗಳು. ಅಣ್ಣನಿಗೆ ಕ್ಯಾಮರಾ ಬಂದದ್ದು 1989ರಲ್ಲಿ. ಮಸ್ಕತ್ತಿನಲ್ಲಿದ್ದ ಅತ್ತಿಗೆಯ ತಮ್ಮ ರಜೆಗೆ ಬಂದಾಗ ತಂದುಕೊಟ್ಟದ್ದು. ಹೆಗಲ ಮೇಲೆ ಹೊರಬೇಕಾದಂಥದು. ಇಡೀ ಕ್ಯಾಸೆಟ್ಟನ್ನೇ ನುಂಗಿ ಕೂರುತ್ತಿತ್ತು. ತೋಟ ಬಿಟ್ಟರೆ ಬೇರೆ ಹವ್ಯಾಸವೇ ಇಲ್ಲದಿದ್ದ ಅಣ್ಣನಿಗೆ ಅಂದಿನಿಂದ ಇದೇ ಹುಚ್ಚು. ಮದುವೆ, ಉಪನಯನ, ಗೃಹಪ್ರವೇಶಗಳಂತೂ ಸರಿಯೇ. ಅವನು ಕೊನೆ ಕೊಯ್ಯುವುದನ್ನೂ ಹಿಡಿದ, ಅಡಿಕೆ ಸುಲಿಯುವ ರಾತ್ರಿಗಳನ್ನೂ ಹಿಡಿದ, ಭೂಮಿ ಹುಣ್ಣಿಮೆಯ ಬೆಳಗಿನ ಜಾವ ಗದ್ದೆಗೆ ಹೊರಡುವವರ ಕೈಯ ದೀಪಗಳನ್ನೂ ಹಿಡಿದ. ಕರು ಹಾಕಿದ ಎಮ್ಮೆಯ ಮುಂದೆ ಒಂದು ಗಂಟೆ ನಿಂತಿದ್ದಾನೆ. ಎಮ್ಮೆ ಏನೂ ಮಾಡುವುದಿಲ್ಲ. ಅಣ್ಣ ಮಾತ್ರ ಕ್ಯಾಮರಾದ ಹಿಂದಿನಿಂದ ಆಗಾಗ ಕೆಮ್ಮುತ್ತಾನೆ. ಇಷ್ಟೆಲ್ಲ ಕ್ಯಾಸೆಟ್ಟುಗಳಲ್ಲಿ ಅವನ ಮುಖ ಕಾಣುವುದು ಮೂರೋ ನಾಲ್ಕೋ ಕಡೆ. ಉಳಿದಂತೆ ಅವನು ಉಳಿದಿರುವುದು ಈ ಕೆಮ್ಮಾಗಿಯೇ.

ಆ ಕಾಲದಲ್ಲಿ ಖಾಲಿ ಕ್ಯಾಸೆಟ್ಟು ನಮ್ಮಂಥವರಿಗೆ ಸುಲಭದ ವಸ್ತುವಲ್ಲ. ಹಳೆಯದರ ಮೇಲೆಯೇ ಹೊಸದನ್ನು ಹತ್ತಿಸುವುದು ಎಲ್ಲ ಮನೆಗಳ ರೂಢಿ. ನನ್ನ ಮಗಳ ಮೊದಲ ಹುಟ್ಟುಹಬ್ಬ ದೀಪ ಹಚ್ಚುವ ತನಕ ಬಂದು, ಪರದೆ ಒಮ್ಮೆ ನಡುಗಿ, ದೂರದರ್ಶನದ 'ಮಹಾಭಾರತ' ಶುರುವಾಗುತ್ತದೆ. ಮಗು ಇದ್ದ ಜಾಗದಲ್ಲಿ ಭೀಷ್ಮ ಕೂತಿದ್ದಾನೆ. ಹೀಗಾಗುವುದು ಹಳ್ಳಿಯವರಿಗೆ ಮಾತ್ರವೇನಲ್ಲ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದೃಶ್ಯದ ಮೂಲ ಟೇಪುಗಳನ್ನು ಮರುಬಳಕೆಗಾಗಿ ಅಳಿಸಿಬಿಟ್ಟಿರಬೇಕು ಎಂದು ಅಮೆರಿಕದ ನಾಸಾ ಸಂಸ್ಥೆಯೇ 2009ರಲ್ಲಿ ಒಪ್ಪಿಕೊಂಡಿತು. ಟಿವಿಯವರ ಬಳಿ ಪ್ರತಿಗಳಿದ್ದವು, ಹಾಗಾಗಿ ಮರ್ಯಾದೆ ಉಳಿಯಿತು.

ಹೀಗೆ ಅಳಿಸಿಹೋಗದಂತೆ ತಡೆಯಲು ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ತುಂಡು ಇರುತ್ತದೆ. ಅದನ್ನು ಮುರಿದುಬಿಟ್ಟರೆ ಮತ್ತೆ ಅದರ ಮೇಲೆ ಏನೂ ಹತ್ತುವುದಿಲ್ಲ. ಹುಟ್ಟುಹಬ್ಬದ ಪ್ರಸಂಗ ಆದ ಮೇಲೆ ಅಣ್ಣ ಸಿಟ್ಟಿನಿಂದ ಮುಖ್ಯವಾದ ಕ್ಯಾಸೆಟ್ಟುಗಳ ತುಂಡನ್ನೆಲ್ಲ ಚೂರಿಯಿಂದ ಎಬ್ಬಿಸಿ ಮುರಿದ. ಈ ತುಂಡಿನ ವಿಷಯವನ್ನು ಓದುಗರು ನೆನಪಿನಲ್ಲಿಡಬೇಕು.

ಟೇಪಿನಲ್ಲಿರುವುದನ್ನು ಕಂಪ್ಯೂಟರಿಗೆ ಇಳಿಸುವುದೆಂದರೆ ಹೊಸ ಕಾಲದ ಕೆಲಸ, ಗುಂಡಿ ಒತ್ತಿದರೆ ಮುಗಿಯುತ್ತದೆ ಎಂದುಕೊಂಡಿದ್ದೆ. ಮೊದಲ ತೊಡಕು ಯಂತ್ರದ್ದು. ವಿಸಿಆರ್ ತಯಾರಿಸುತ್ತ ಕೊನೆಗೆ ಉಳಿದಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ಕೈಬಿಟ್ಟಿತು. ಸಾಗರದಲ್ಲಿ ಹಳೆಯ ಟಿವಿ ರಿಪೇರಿಯವರೊಬ್ಬರು ಮೂರು ಕೆಟ್ಟ ವಿಸಿಆರುಗಳನ್ನು ಬಿಚ್ಚಿ ಒಂದು ಒಳ್ಳೆಯದನ್ನು ಮಾಡಿಕೊಟ್ಟರು. ಎರಡನೆಯ ತೊಡಕು ನಮ್ಮ ಮಲೆನಾಡಿನ ಮಳೆಯದು. ಕ್ಯಾಸೆಟ್ಟಿನ ಕಿಟಕಿಯೊಳಗೆ ನೋಡಿದರೆ ಸುರುಳಿಯ ಮೇಲೆ ಬಿಳಿ ಬೂಷ್ಟು, ಉಪ್ಪಿನಕಾಯಿ ಭರಣಿಯ ಬಾಯಿಗೆ ಬಂದ ಹಾಗೆ. "ಇದನ್ನ ಹಾಗೇ ಹಾಕಬೇಡಿ ಮೇಷ್ಟ್ರೇ" ಎಂದರು ರಿಪೇರಿಯವರು. "ಇದರ ಬೂಷ್ಟು ಮಿಷನ್ನಿಗೆ ಹತ್ತುತ್ತೆ, ಮಿಷನ್ನಿಂದ ಒಳ್ಳೇ ಕ್ಯಾಸೆಟ್ಟಿಗೆ ಹತ್ತುತ್ತೆ." ಕ್ಯಾಸೆಟ್ಟು ಬಿಚ್ಚಿ, ಟೇಪನ್ನು ಮೆತ್ತನೆ ಬಟ್ಟೆಯ ನಡುವೆ ಹಾಯಿಸಿ ಸುತ್ತಿ, ಆಮೇಲೆ ಯಂತ್ರಕ್ಕೆ ಹಾಕಬೇಕು. ನಡುನಡುವೆ ಯಂತ್ರದ ತಲೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು.

ಮೂರನೆಯದು ತೊಡಕೆನ್ನಬೇಕೋ ವರವೆನ್ನಬೇಕೋ ತಿಳಿಯದು. ಮೂರು ಗಂಟೆಯ ಟೇಪನ್ನು ಇಳಿಸಲು ಮೂರು ಗಂಟೆಯೇ ಬೇಕು. ಅವಸರಪಡಿಸುವಂತಿಲ್ಲ. ಮೂರು ಗಂಟೆಯ ಕ್ಯಾಸೆಟ್ಟಿನಲ್ಲಿ ಸುಮಾರು 250 ಮೀಟರು ಟೇಪು. ಅದು ಸೆಕೆಂಡಿಗೆ ಎರಡೂಕಾಲು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚಿನ ವೇಗದಲ್ಲಿ ಹರಿಯುತ್ತದೆ. ಬಾಳಿದ ವೇಗದಲ್ಲಿಯೇ ಮತ್ತೆ ನೋಡಬೇಕು. ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಇದು ನನ್ನೊಬ್ಬನ ಆತಂಕವಲ್ಲ. ಟೇಪು ಉಳಿದರೂ ಅದನ್ನು ಓದುವ ಯಂತ್ರ ಉಳಿಯುವುದಿಲ್ಲವೆಂದು ಯುನೆಸ್ಕೋ 2019ರಲ್ಲೇ ಜಗತ್ತಿನ ಸಂಗ್ರಹಾಲಯಗಳನ್ನೆಲ್ಲ ಎಚ್ಚರಿಸಿತ್ತು. ಜಗಲಿಯಲ್ಲಿ ಲುಂಗಿ ಉಟ್ಟು ಕೂತ ನಾನೂ ಅದೇ ಓಟದಲ್ಲಿದ್ದೆ ಎಂದು ಗೊತ್ತಾದಾಗ ಸ್ವಲ್ಪ ಹೆಮ್ಮೆಯೇ ಆಯಿತು.

ಹೆಮ್ಮೆ ಬಹಳ ದಿನ ಉಳಿಯಲಿಲ್ಲ. ಅರವತ್ತೆರಡನೆಯ ಕ್ಯಾಸೆಟ್ಟು ನನ್ನ ತಂಗಿಯ ಮದುವೆಯದು; 1991ರ ಮೇ ತಿಂಗಳು, ನಮ್ಮ ಮನೆಯಂಗಳದ ಚಪ್ಪರ. ಅದನ್ನು ಹೇಳುವ ಮುಂಚೆ ಚಿಕ್ಕಮ್ಮನ ಬಗ್ಗೆ ಹೇಳಬೇಕು.

ಚಿಕ್ಕಪ್ಪ 1971ರಲ್ಲಿ ಜ್ವರದಲ್ಲಿ ತೀರಿಕೊಂಡಾಗ ಚಿಕ್ಕಮ್ಮನಿಗೆ ಇಪ್ಪತ್ತಾರು. ಮಕ್ಕಳಿರಲಿಲ್ಲ. ನನ್ನ ತಾಯಿಗೆ ಉಬ್ಬಸ. ಮಳೆಗಾಲ ಬಂತೆಂದರೆ ಹಾಸಿಗೆ. ಆಗ ನಾಲ್ಕು ವರ್ಷದವಳಾಗಿದ್ದ ತಂಗಿಯ ತಲೆ ಬಾಚಿದ್ದು, ಶಾಲೆಗೆ ಕಳಿಸಿದ್ದು, ಜ್ವರ ಬಂದರೆ ರಾತ್ರಿ ಎದ್ದು ಕೂತದ್ದು ಎಲ್ಲ ಚಿಕ್ಕಮ್ಮನೇ. ಮದುವೆಗೆ ಮೂರು ತಿಂಗಳ ಮುಂಚಿನಿಂದ ಹಪ್ಪಳ ಸಂಡಿಗೆ ಒಣಗಿಸಿದ್ದು ಅವಳೇ.

ಧಾರೆಯ ಹೊತ್ತಿಗೆ ಚಿಕ್ಕಮ್ಮ ಮಂಟಪದ ಪಕ್ಕಕ್ಕೆ ಬಂದಳು. ಅಲ್ಲಿ ಬರಿಯ ಮುತ್ತೈದೆಯರು. ಗಂಡಿನ ಕಡೆಯ ಹಿರಿಯ ಹೆಂಗಸರು ಏನೋ ಗೊಣಗಿದರು. ಆಗ ನಾನು, ಮೂವತ್ತೆರಡು ವರ್ಷದ ಹೈಸ್ಕೂಲು ಮೇಷ್ಟ್ರು, ಮುಂದೆ ಹೋಗಿ, "ಈ ಹುಡುಗಿಯನ್ನು ಸಾಕಿದವಳು ಇವಳು. ಇವಳು ನಿಂತರೆ ಆಗುವ ಅಮಂಗಳ ಆಗಲಿ" ಎಂದು ಹೇಳಿದೆ. ಎಲ್ಲರೂ ಸುಮ್ಮನಾದರು.

ಹೀಗೆಂದು ನಾನು ಮೂವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಹೆಂಡತಿಗೆ ಹೇಳಿದ್ದೇನೆ, ಬಂದ ನೆಂಟರಿಗೆ ಹೇಳಿದ್ದೇನೆ. ಪಾಠದ ನಡುವೆ ಮಕ್ಕಳಿಗೆ ಹೇಳಿದ್ದೇನೆ. ತಾಲ್ಲೂಕಿನ ಮಹಿಳಾ ದಿನಾಚರಣೆಯ ವೇದಿಕೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಸುಳ್ಳು ಹೇಳುತ್ತಿದ್ದೇನೆ ಎಂಬ ಅನುಮಾನ ನನಗೆ ಒಮ್ಮೆಯೂ ಬಂದದ್ದಿಲ್ಲ.

ಕ್ಯಾಸೆಟ್ಟಿನಲ್ಲಿರುವುದು ಇಷ್ಟು. ಹ್ಯಾಲೋಜನ್ ದೀಪದ ಬಿಳಿ ಬೆಳಕು. ಕಿವಿ ಕಿತ್ತುಹೋಗುವ ವಾಲಗ. ಮಾತು ಒಂದೂ ಕೇಳುವುದಿಲ್ಲ. ಚಿಕ್ಕಮ್ಮ ಎಡಗಡೆಯಿಂದ ಬರುತ್ತಾಳೆ. ಕೈಯಲ್ಲಿ ಹಿತ್ತಾಳೆಯ ಹರಿವಾಣ, ಅದರಲ್ಲಿ ಅಕ್ಷತೆ, ಹೂವು. ಗಂಡಿನ ಕಡೆಯ ಹೆಂಗಸೊಬ್ಬರು ನನ್ನ ತಾಯಿಯ ಕಡೆ ಬಾಗಿ ಏನೋ ಹೇಳುತ್ತಾರೆ. ತಾಯಿ ತಲೆಯೆತ್ತಿ ನನ್ನತ್ತ ನೋಡುತ್ತಾಳೆ. ನಾನು ಜನರ ನಡುವೆ ದಾರಿ ಮಾಡಿಕೊಂಡು ಬರುತ್ತೇನೆ, ಚಿಕ್ಕಮ್ಮನ ಕಿವಿಯ ಹತ್ತಿರ ಬಾಗಿ ಎರಡು ಮಾತು ಆಡುತ್ತೇನೆ. ಅವಳ ಕೈಯಿಂದ ಹರಿವಾಣ ತೆಗೆದುಕೊಳ್ಳುತ್ತೇನೆ. ಇನ್ನೊಂದು ಕೈಯಿಂದ ನಡುಮನೆಯ ಬಾಗಿಲು ತೋರಿಸುತ್ತೇನೆ. ಅವಳು ಹೋಗುತ್ತಾಳೆ. ಹರಿವಾಣವನ್ನು ಅತ್ತಿಗೆಯ ಕೈಗೆ ಕೊಟ್ಟು, ಹೆಗಲ ಶಲ್ಯ ಸರಿಮಾಡಿಕೊಂಡು, ಅಣ್ಣನ ಕ್ಯಾಮರಾದತ್ತ ನೋಡಿ ನಗುತ್ತೇನೆ.

ನಲವತ್ತು ಸೆಕೆಂಡು. ಹಿಂದೆ ಹೇಳಿದ ವೇಗದಲ್ಲಿ ಲೆಕ್ಕ ಹಾಕಿದರೆ ಸುಮಾರು ಒಂದು ಗಜ ಟೇಪು.

ನಾನು ಮೊದಲು ಮಾಡಿದ್ದು ಟೇಪಿನ ಮೇಲೆ ಸಂಶಯಪಟ್ಟದ್ದು. ಜಗಳ ಇದಕ್ಕೂ ಮುಂಚೆ ನಡೆದಿರಬೇಕು, ಅಥವಾ ಆಮೇಲೆ ಅಡುಗೆಮನೆಯಲ್ಲಿ. ಕ್ಯಾಮರಾ ತನ್ನ ಮುಂದೆ ಇದ್ದದ್ದನ್ನು ಮಾತ್ರ ಕಾಣುತ್ತದೆ, ಬೆನ್ನ ಹಿಂದೆ ಆದದ್ದು ಅದಕ್ಕೆ ಗೊತ್ತಿಲ್ಲ. ಈ ವಾದವೆಲ್ಲ ಸರಿಯೇ. ಆದರೆ ಧಾರೆ ಮುಗಿಯುವವರೆಗೂ ನೋಡಿದೆ, ಊಟದ ಪಂಕ್ತಿಯವರೆಗೂ ನೋಡಿದೆ. ಚಿಕ್ಕಮ್ಮ ಮತ್ತೆ ಬರಲಿಲ್ಲ. ನಾನು ಮಾತ್ರ ಎಲ್ಲ ಕಡೆಯೂ ಇದ್ದೆ, ಬೀಗರ ಎಲೆಗೆ ತುಪ್ಪ ಬಡಿಸುತ್ತ.

ಆಮೇಲೆ ಎರಡು ರಾತ್ರಿ ಯೋಚಿಸಿದೆ. ಆ ಮಾತು ನನಗೆ ಎಲ್ಲಿಂದ ಬಂತು? ಬಹುಶಃ ಅಂದು ರಾತ್ರಿ ಚಾಪೆಯ ಮೇಲೆ ಮಲಗಿ, ಹೀಗೆ ಹೇಳಬೇಕಿತ್ತು ಎಂದುಕೊಂಡಿರಬೇಕು. ಹೇಳಬೇಕಿತ್ತು ಎಂಬುದು ಕೆಲವು ವರ್ಷಗಳಲ್ಲಿ ಹೇಳಿದ್ದೆ ಎಂದಾಗಿರಬೇಕು. ಪ್ರತಿ ಸಲ ಹೇಳಿದಾಗಲೂ ಹಳೆಯದರ ಮೇಲೆ ಹೊಸದು ಹತ್ತುತ್ತ ಹೋಯಿತು. ಮಗಳ ಹುಟ್ಟುಹಬ್ಬದ ಮೇಲೆ ಭೀಷ್ಮ ಕೂತ ಹಾಗೆ, ನನ್ನ ಹೇಡಿತನದ ಮೇಲೆ ನನ್ನ ಧೈರ್ಯ ಕೂತಿತು. ನಮ್ಮ ತಲೆಯೊಳಗಿನ ಟೇಪಿಗೆ ಆ ಪ್ಲಾಸ್ಟಿಕ್ ತುಂಡು ಮುರಿಯುವ ಸೌಲಭ್ಯವಿಲ್ಲ. ಮದುವೆಯ ಕ್ಯಾಸೆಟ್ಟಿನ ತುಂಡನ್ನು ಮಾತ್ರ ಅಣ್ಣ ಮುರಿದಿದ್ದ. ಅವನು ಇದನ್ನು ನೋಡಿದ್ದನೇ, ಬೇಕೆಂದೇ ಉಳಿಸಿದನೇ, ನನ್ನ ಕಥೆ ಕೇಳುವಾಗ ಏನೆಂದುಕೊಳ್ಳುತ್ತಿದ್ದ? ಅದರಿಂದ ಏನನ್ನೂ ಹೇಳಲಾಗದು. ಅವನು ಎಲ್ಲ ಮದುವೆಗಳ ತುಂಡನ್ನೂ ಮುರಿದಿದ್ದ.

ತಂಗಿಗೆ ಫೋನು ಮಾಡಿದೆ. ಅವಳು ಬೆಂಗಳೂರಿನಲ್ಲಿದ್ದಾಳೆ. ಕಥೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ಅಷ್ಟನ್ನ ಕತ್ತರಿಸಿಬಿಡು" ಎಂದಳು. "ನನ್ನ ಮಕ್ಕಳು ನೋಡ್ತಾರೆ. ನಿನ್ನ ಬಗ್ಗೆ ಏನು ತಿಳ್ಕೋತಾರೆ? ಚಿಕ್ಕಮ್ಮನಿಗೂ ಈಗ ಯಾಕೆ ಅದನ್ನ ಕೆದಕಿ ನೋವು ಕೊಡೋದು? ಆ ಕಾಲ ಹಾಗಿತ್ತು."

ಅವಳ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಹದಿನಾಲ್ಕು ಜನರ ಮನೆ ನಮ್ಮದಾಗಿತ್ತು. ಅಂಥ ಮನೆಗಳು ನಿಂತದ್ದು ಪ್ರೀತಿಯ ಬಲದಿಂದ ಎಂದು ಹೇಳುವುದುಂಟು. ಮರೆವಿನ ಬಲದಿಂದಲೂ ನಿಂತವು ಎಂದು ನನ್ನ ಅನುಭವ. ಯಾರು ಯಾರಿಗೆ ಏನೆಂದರು, ಯಾರ ಪಾಲಿನ ಒಡವೆ ಯಾರ ಮೈಮೇಲೆ ಹೋಯಿತು ಎಂಬುದೆಲ್ಲ ಟೇಪಿನಲ್ಲಿ ಉಳಿದಿದ್ದರೆ ನಾವು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಲು ಸಾಧ್ಯವಿತ್ತೇ?

ಕತ್ತರಿಸುವುದು ಬಹಳ ಸುಲಭವಾಗಿತ್ತು. ಟೇಪನ್ನು ಕತ್ತರಿಸಿ ಅಂಟಿಸಿದರೆ ಪರದೆಯ ಮೇಲೆ ಒಂದು ಹಾರು ಕಾಣುತ್ತದೆ, ಬೆರಳಿಗೆ ಗಂಟು ಸಿಗುತ್ತದೆ. ಕಂಪ್ಯೂಟರಿನಲ್ಲಿ ಗಾಯದ ಗುರುತೂ ಉಳಿಯುವುದಿಲ್ಲ. ಮೂಲ ಹೇಗೂ ಬೂಷ್ಟು ಹಿಡಿದು ಹೋಗುವಂಥದು. ಆಮೇಲೆ ನನ್ನ ಪ್ರತಿಯೇ ಮೂಲ. ಪಾಠ ಹೇಳುವಾಗ ನಾನು ಎಷ್ಟೋ ಸಲ ಅತ್ತಿಮಬ್ಬೆಯ ಕಥೆ ಹೇಳಿದ್ದೆ. ಹತ್ತನೆಯ ಶತಮಾನದಲ್ಲಿ ಪೊನ್ನನ 'ಶಾಂತಿಪುರಾಣ'ಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದವಳು. ಆದರೆ ಆ ಪ್ರತಿಗಳನ್ನು ಬರೆದವರ ಬಗ್ಗೆ ಅದುವರೆಗೆ ಯೋಚಿಸಿರಲಿಲ್ಲ. ಓಲೆಗರಿಯ ಮುಂದೆ ಕಂಠ ಹಿಡಿದು ಕೂತ ಒಬ್ಬೊಬ್ಬ ಲಿಪಿಕಾರನ ಕೈಯಲ್ಲೂ ಎಷ್ಟು ಅಧಿಕಾರವಿತ್ತು! ತನಗೆ ಹಿಡಿಸದ ಒಂದು ಸಾಲನ್ನು ಅವನು ಬಿಟ್ಟಿದ್ದರೆ ಕೇಳುವವರು ಯಾರಿದ್ದರು? ಪ್ರತಿ ಮಾಡುವವನ ಪ್ರಾಮಾಣಿಕತೆಯನ್ನು ಯಾರೂ ಹೊಗಳುವುದಿಲ್ಲ. ಅದು ಇದೆ ಎಂಬ ನಂಬಿಕೆಯ ಮೇಲೆಯೇ ನಾವು ಓದುತ್ತೇವೆ.

ಕೊನೆಗೆ ತೋಚಿದ್ದು ಒಂದೇ ದಾರಿ. ಆ ನಲವತ್ತು ಸೆಕೆಂಡು ನನ್ನದೂ ಅಲ್ಲ, ತಂಗಿಯದೂ ಅಲ್ಲ. ಯಾರದೋ ಅವರನ್ನೇ ಕೇಳಬೇಕು.

ಚಿಕ್ಕಮ್ಮನಿಗೆ ಈಗ ಎಂಬತ್ತರ ಹತ್ತಿರ. ಅಣ್ಣನ ಮಗನ ಮನೆಯಲ್ಲಿದ್ದಾಳೆ, ನಮ್ಮಲ್ಲಿಂದ ಎರಡು ಮೈಲಿ. ಲ್ಯಾಪ್‌ಟಾಪನ್ನು ಅವಳ ಮಂಚದ ಮೇಲಿಟ್ಟು ಮದುವೆ ಹಾಕಿದೆ. ಅವಳು ಕನ್ನಡಕ ಒರೆಸಿಕೊಂಡು ಬಾಗಿ ನೋಡಿದಳು. ಮೊದಲು ಮಾತನಾಡಿಸಿದ್ದು ಸತ್ತವರನ್ನು. "ಅಕ್ಕ ನೋಡು, ಎಷ್ಟು ಸಣ್ಣಗಾಗಿದ್ದಳು ಪಾಪ." "ಆ ಹಲಸಿನ ಮರ ಯಾವ ವರ್ಷ ಬಿತ್ತು?" ಧಾರೆ ಹತ್ತಿರ ಬಂದಂತೆ ನನ್ನ ಗಂಟಲು ಒಣಗಿತು. ಅವಳು ಬಂದಳು, ನಾನು ಬಂದೆ, ಹರಿವಾಣ ಕೈ ಬದಲಾಯಿಸಿತು.

"ಆ ಹರಿವಾಣ ನನ್ನ ತವರಿಂದು ಕಣೋ" ಎಂದಳು. "ಆಮೇಲೆ ಅದು ಎಲ್ಲಿ ಹೋಯ್ತೋ."

ನಾನು ನಿಲ್ಲಿಸಿದೆ. "ಚಿಕ್ಕಮ್ಮಾ, ನಾನು ನಿನ್ನ ಪರವಾಗಿ ಜಗಳ ಆಡಿದ್ದೆ ಅಂತ ಎಲ್ಲರಿಗೂ ಹೇಳ್ಕೊಂಡು ಬಂದೆ. ನೋಡಿದರೆ ನಿನ್ನನ್ನ ಒಳಗೆ ಕಳಿಸಿದ್ದು ನಾನೇ. ನನಗೆ ನೆನಪೇ ಇರಲಿಲ್ಲ."

"ನಂಗೆ ನೆನಪಿತ್ತು" ಎಂದಳು, ಏನೂ ವಿಶೇಷವಿಲ್ಲ ಎಂಬಂತೆ. "ನೀನು ಜಗಲಿ ಮೇಲೆ ಕೂತು ಹೇಳೋದು ಎಷ್ಟು ಸಲ ಕೇಳಿಲ್ಲ! ಕೇಳೋಕೆ ಚೆನ್ನಾಗಿತ್ತು. ಹಾಗಾದ್ರೂ ಆಗಿದ್ರೆ ಅನ್ನಿಸ್ತಿತ್ತು. ಅದಕ್ಕೇ ಸುಮ್ಮನಿದ್ದೆ."

ಇದಕ್ಕೆ ಏನು ಹೇಳುವುದು? ಮೂವತ್ತು ವರ್ಷ ನನ್ನ ಸುಳ್ಳಿಗೆ ಅವಳು ಒಳಗಿನಿಂದ ಕಾಫಿ ಕಳಿಸಿದ್ದಳು. ಕ್ಷಮಿಸು ಎಂದೆ. "ಬಿಡು" ಎಂದಳು. ಕ್ಷಮಿಸಿದಳೋ, ಆ ಮಾತೇ ಬೇಡವೆಂದಳೋ ನನಗೆ ಇಂದಿಗೂ ತಿಳಿದಿಲ್ಲ. ತಂಗಿ ಹೇಳಿದ್ದನ್ನೂ ತಿಳಿಸಿದೆ. ನೀನು ಬೇಡವೆಂದರೆ ಅಷ್ಟನ್ನು ತೆಗೆದುಬಿಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ.

ಅವಳು ಸ್ವಲ್ಪ ಯೋಚಿಸಿ ಕೇಳಿದಳು: "ಅದು ತೆಗೆದರೆ ನಾನು ಆ ಮದುವೇಲಿ ಇನ್ನೆಲ್ಲಿ ಇದೀನಿ, ತೋರಿಸು."

ಮುಂದಕ್ಕೆ ಓಡಿಸಿದೆ, ಹಿಂದಕ್ಕೆ ಓಡಿಸಿದೆ. ಮೂರು ಗಂಟೆಯ ಮದುವೆಯಲ್ಲಿ ಅಡುಗೆಮನೆಯ ಬಾಗಿಲಿನಿಂದ ಪಾಯಸದ ಪಾತ್ರೆ ದಾಟಿಸುವ ಒಂದು ಕೈ ಎರಡು ಸಲ ಕಂಡಿತು. ಅದು ತನ್ನದೇ ಕೈ ಎಂದು ಅವಳೆಂದಳು; ಇರಬಹುದು. ಮುಖ ಎಲ್ಲಿಯೂ ಇರಲಿಲ್ಲ. ಆ ಮೂರು ತಿಂಗಳ ಹಪ್ಪಳ, ಇಪ್ಪತ್ತು ವರ್ಷದ ಸಾಕಣೆ, ಯಾವುದೂ ಇರಲಿಲ್ಲ. ಅವಳು ಆ ಮದುವೆಗೆ ಬಂದಿದ್ದಳು ಎಂಬುದಕ್ಕೆ ಇದ್ದ ಏಕೈಕ ಸಾಕ್ಷಿ, ಅವಳನ್ನು ಹೊರಗೆ ಕಳಿಸಿದ ಆ ನಲವತ್ತು ಸೆಕೆಂಡೇ.

"ಇರಲಿ ಬಿಡು ಹಾಗಾದ್ರೆ" ಎಂದಳು.

ಬಹಳ ಸಲ ನಾವು ಮರೆವಿನ ಪರವಾಗಿ ವಾದಿಸುವಾಗ ನೊಂದವರ ಹೆಸರು ಹೇಳುತ್ತೇವೆ. ಅವರಿಗೆ ನೋವಾಗುತ್ತದೆ, ಕೆದಕಬಾರದು ಎನ್ನುತ್ತೇವೆ. ತಂಗಿ ಪ್ರೀತಿಯಿಂದಲೇ ಹೇಳಿದ್ದು, ನಾನೂ ಅದನ್ನು ಆಸೆಯಿಂದಲೇ ಕೇಳಿದ್ದು. ಆದರೆ ಅಳಿಸಿದ್ದರೆ ಉಳಿಯುತ್ತಿದ್ದದ್ದು ನನ್ನ ಮಾನ. ಹೋಗುತ್ತಿದ್ದದ್ದು ಅವಳ ಮುಖ. 1991ರಲ್ಲಿ ಒಮ್ಮೆ ಒಳಗೆ ಕಳಿಸಿದ್ದೆ. 2024ರಲ್ಲಿ ಎರಡನೆಯ ಸಲ ಕಳಿಸುವವನಿದ್ದೆ, ಈ ಸಲ ಬಾಗಿಲೇ ಇಲ್ಲದ ಕಡೆಗೆ. ತಪ್ಪು ಮಾಡಿದವನಿಗೆ ಆ ತಪ್ಪನ್ನು ಅಳಿಸುವ ಅಧಿಕಾರವಿಲ್ಲ. ಇದ್ದರೆ ಅದು ತಪ್ಪನ್ನು ಉಂಡವರಿಗೆ ಮಾತ್ರ. ಇಷ್ಟು ಸಣ್ಣ ವಿಷಯ ತಿಳಿಯಲು ನಾನು ಅರವತ್ತೈದು ವರ್ಷ ಕಾಯಬೇಕಾಯಿತು.

ಹಾಗೆಂದು ಎಲ್ಲವನ್ನೂ ಉಳಿಸಬೇಕು ಎಂಬ ಮೊಂಡುತನವೂ ನನಗಿಲ್ಲ. ತಂದೆ 1996ರಲ್ಲಿ ಹೋದರು. ಕೊನೆಯ ತಿಂಗಳುಗಳಲ್ಲಿ ಅವರಿಗೆ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ. ಅಣ್ಣ ಯಾಕೋ ಅದನ್ನೂ ಒಂದು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದಾನೆ. ಉಟ್ಟ ಪಂಚೆಯ ಪರಿವೆಯಿಲ್ಲದೆ ಅವರು ಯಾರನ್ನೋ ಬೈಯುತ್ತ ಅಂಗಳದಲ್ಲಿ ನಡೆಯುತ್ತಾರೆ. ಅಲ್ಲಿ ತಪ್ಪು ಯಾರದೂ ಇಲ್ಲ, ಬರಿಯ ಅಸಹಾಯಕತೆ ಇದೆ. ಒಪ್ಪಿಗೆ ಕೇಳಲು ಅವರಿಲ್ಲ. ಬದುಕಿದ್ದಾಗ ಶಲ್ಯವಿಲ್ಲದೆ ಬೀದಿಗೆ ಇಳಿಯದ ಮನುಷ್ಯ ಅವರು. ಏನು ಹೇಳುತ್ತಿದ್ದರೆಂದು ನನಗೆ ಗೊತ್ತು. ಆ ಕ್ಯಾಸೆಟ್ಟನ್ನು ನಾನು ಇಳಿಸಲಿಲ್ಲ, ಎಸೆಯಲೂ ಇಲ್ಲ. ಟ್ರಂಕಿನಲ್ಲಿಯೇ ಇಟ್ಟಿದ್ದೇನೆ. ತೀರ್ಮಾನವನ್ನು ಬೂಷ್ಟಿಗೆ ಬಿಟ್ಟಿದ್ದೇನೆ. ಇದೂ ಒಂದು ಬಗೆಯ ಹೇಡಿತನವೇ ಇರಬಹುದು. ಓದುಗರು ಹಾಗೆಂದರೆ ನನ್ನಲ್ಲಿ ಉತ್ತರವಿಲ್ಲ.

ಉಳಿದ ಕ್ಯಾಸೆಟ್ಟುಗಳಲ್ಲಿ ಹನ್ನೊಂದು ಕೈಗೆ ಹತ್ತಲಿಲ್ಲ. ಮಿಕ್ಕದ್ದೆಲ್ಲ ಅಂಗಿಯ ಜೇಬಿನಲ್ಲಿ ಹಿಡಿಯುವ ಒಂದು ಡಿಸ್ಕಿನಲ್ಲಿ ಕೂತಿತು. ಈ ಡಿಸ್ಕೂ ಶಾಶ್ವತವಲ್ಲ, ಒಂದು ದಿನ ಹೇಳದೆ ಕೇಳದೆ ನಿಂತುಹೋಗುತ್ತದೆ ಎಂದು ಅಣ್ಣನ ಮಗ ಹೆದರಿಸಿದ. ಮೂರು ಪ್ರತಿ ಮಾಡಿ ಮೂರು ಮನೆಗಳಲ್ಲಿಟ್ಟಿದ್ದೇವೆ. ಅತ್ತಿಮಬ್ಬೆಯ ಮುಂದೆ ಇದು ಏನೂ ಅಲ್ಲ.

ಚಿಕ್ಕಮ್ಮ ಒಂದೇ ಒಂದು ಕೇಳಿದಳು. ಹರಿವಾಣ ಹಿಡಿದು ನಿಂತದ್ದು ಚೆನ್ನಾಗಿದೆ, ಅದೊಂದು ಫೋಟೋ ಮಾಡಿಸಿಕೊಡು ಎಂದು. ಟೇಪಿನಿಂದ ತೆಗೆದ ಚಿತ್ರ ಮಂಜು ಮಂಜು. ಆದರೂ ಅವಳ ಮುಖ ಗುರುತು ಹತ್ತುತ್ತದೆ. ಬಲಗಡೆಯ ಅಂಚಿನಲ್ಲಿ, ಹರಿವಾಣದತ್ತ ಚಾಚಿದ ನನ್ನ ಕೈ ಮೊಣಕೈವರೆಗೆ ಬಂದಿದೆ. ಸ್ಟುಡಿಯೋದ ಹುಡುಗ ಅದನ್ನು ತೋರಿಸಿ, "ಸಾರ್, ಈ ಕೈ ಬೇಕಾದರೆ ತೆಗೆದುಬಿಡ್ತೀನಿ, ಗೊತ್ತೇ ಆಗಲ್ಲ" ಎಂದ.

ಇರಲಿ ಎಂದೆ.